ಹುಳದ ಮನೆಗೆ ಬಾರದ ಉಲ್ಲನ್

ಕಳೆದ ವಾರ ಮೈಸೂರಿನಿಂದ ಬರುವಾಗ ಕೆಂಗಲ್ ಹತ್ತಿರ ಹೆದ್ದಾರಿ ಪಕ್ಕದ ಹೋಟೆಲೊಂದರಲ್ಲಿ ಇಡ್ಲಿ ತಿಂದು ಕೈ ತೊಳೆಯಲು ಹೋದೆ. ಬೇಸಿನ್ನಿನಲ್ಲಿ ಬಿಳೀ ನುಸಿಗುಳಿಗೆಗಳನ್ನು ಹಾಕಿದ್ದರು. ಆ ವಾಸನೆ ಮೂಗಿಗೆ ಹೊಡೆದದ್ದೇ ತಡ, ನಗು ತಡೆಯಲಾಗಲಿಲ್ಲ. ಬಾಯಿ ಮುಕ್ಕಳಿಸುತ್ತಿದ್ದ ನೀರು ನೆತ್ತಿಗೇರಿ, ಕೆಮ್ಮಿ, ಕಣ್ಣು ಒರೆಸಿಕೊಳ್ಳುತ್ತ ಹೊರಗೆ ಬಂದೆ. ಏನಾಯ್ತು ಎಂದು ನಮ್ಮವರು ಗಾಬರಿಯಿಂದ ಕೇಳಿದರು. "ನಿಮ್ಮಮ್ಮನ ಸ್ವೆಟರ್ ನೆನಪಾಯ್ತು" ಎಂದೆ. ಅವರೂ ನಗತೊಡಗಿದರು. ದುಡ್ಡು ತೆಗೆದುಕೊಳ್ಳಲು ಕೂತಿದ್ದವನು ನಮ್ಮಿಬ್ಬರನ್ನೂ ಒಂದು ಥರಾ ನೋಡಿದ.

ಮೂರು ವರ್ಷದ ಹಿಂದಿನ ಬೇಸಿಗೆ ಅದು. ಅಕ್ಕೂರಿನಲ್ಲಿ ಮಾವಿನಕಾಯಿ ಬಲಿಯುತ್ತಿದ್ದ ಕಾಲ. ಹೆಂಗಸರು ಮಧ್ಯಾಹ್ನ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಕೂರುವಂಥ ಸೆಕೆ. ಅಂಥಾದ್ದರಲ್ಲಿ ನಾನೊಬ್ಬಳು ತೊಡೆಯ ಮೇಲೆ ಉಣ್ಣೆಯ ರಾಶಿ ಹಾಕಿಕೊಂಡು ಸ್ವೆಟರ್ ಹೆಣೆಯುತ್ತಿದ್ದೆ. ಮಾಗಡಿ ಕಡೆಯಿಂದ ಬಂದ ಸೊಸೆಗೆ ತಲೆ ಕೆಟ್ಟಿದೆ ಎಂದು ಊರಿನಲ್ಲಿ ಮಾತಾಗಿರಬೇಕು. ನನ್ನೆದುರಿಗೆ ಯಾರೂ ಹೇಳಲಿಲ್ಲ, ಅಷ್ಟೆ.

ಸ್ವೆಟರ್ ನಮ್ಮ ಅತ್ತೆ ಸಾಕಮ್ಮನವರಿಗೆ. ಕನಕಪುರದಲ್ಲಿರುವ ಅವರ ಅಕ್ಕ, ಅಂದರೆ ನಾವು ದೊಡ್ಡಮ್ಮ ಎನ್ನುವವರು, ಬದರಿ ಕೇದಾರಕ್ಕೆ ಹೋಗುವ ತಂಡವೊಂದರಲ್ಲಿ ತಮ್ಮ ಜೊತೆ ತಂಗಿಯ ಹೆಸರನ್ನೂ ಬರೆಸಿಬಿಟ್ಟಿದ್ದರು. ಅತ್ತೆ ಮದುವೆಯಾಗಿ ಬಂದಾಗಿನಿಂದ ರೇಷ್ಮೆ ಹುಳ ಸಾಕಿದವರು. ಹುಳ ಇರುವಾಗ ಮನೆ ಬಿಟ್ಟು ಒಂದು ರಾತ್ರಿ ಆಚೆ ಉಳಿದವರಲ್ಲ. ತಮ್ಮ ಸ್ವಂತ ತಮ್ಮನ ಮದುವೆಗೂ ಧಾರೆಯ ಹೊತ್ತಿಗೆ ಹೋಗಿ, ಊಟ ಮಾಡಿ, ಸಾಯಂಕಾಲ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕುವ ಹೊತ್ತಿಗೆ ವಾಪಸು ಬಂದಿದ್ದರಂತೆ. ಇಂಥವರು ಹಿಮಾಲಯಕ್ಕೆ ಹೋಗುತ್ತಾರೆಯೇ? ನನಗೆ ಅನುಮಾನವಿತ್ತು. ಆದರೆ ದೊಡ್ಡಮ್ಮ ಫೋನ್ ಮಾಡಿದ ದಿನ ರಾತ್ರಿ ಊಟಕ್ಕೆ ಬಡಿಸುತ್ತ, "ಅಲ್ಲಿ ಚಳಿ ಬಾಳ ಅಂತಲ್ಲವ್ವ?" ಎಂದು ಕೇಳಿದರು. ಅವರ ಮುಖದಲ್ಲಿ ಆಸೆ ಇತ್ತು. ಅದನ್ನು ನೋಡಿಯೇ ಸ್ವೆಟರ್ ಹೆಣೆದುಕೊಡುತ್ತೇನೆ ಎಂದುಬಿಟ್ಟೆ. ಸ್ವೆಟರ್ ಸಿದ್ಧವಾದರೆ ಹೋಗದೆ ಇರಲು ಸಂಕೋಚವಾದರೂ ಆಗುತ್ತದಲ್ಲ ಎಂಬುದು ನನ್ನ ಲೆಕ್ಕಾಚಾರ.

ಅಂಗಡಿಯದು ತರಬಹುದಿತ್ತು. ಆದರೆ ಅತ್ತೆಗೆ ಬಿಗಿ ಬಟ್ಟೆ ಆಗದು. "ಸೀರೆ ಮ್ಯಾಕೆ ಆಕ್ಕಂಡ್ರೆ ಸೆರಗೂ ಒಳಕ್ಕೋಗ್ಬೇಕು, ಕೈ ಎತ್ತುದ್ರೆ ಎಳೀಬಾರ್ದು, ದೊಗಳೆಯಾಗಿರ್ಲಿ" ಎಂದಿದ್ದರು. ಹಾಗಾಗಿ ಕತ್ತಿನಿಂದ ಶುರುಮಾಡಿ ಕೆಳಕ್ಕೆ ಹೆಣೆದುಕೊಂಡು ಹೋಗುವ ರೀತಿಯನ್ನು ಆರಿಸಿದೆ. ನಮ್ಮಮ್ಮ ಬೆನ್ನು, ಎದೆ, ತೋಳು ಬೇರೆಬೇರೆ ಹೆಣೆದು ಕೊನೆಗೆ ಹೊಲಿಯುತ್ತಿದ್ದಳು. ಇದು ಹಾಗಲ್ಲ. ಕತ್ತಿನ ಸುತ್ತ ಕೆಲವೇ ಕುಣಿಕೆಗಳಿಂದ ಹೊರಟು, ಸುತ್ತುತ್ತ ಸುತ್ತುತ್ತ ಅಗಲವಾಗಿ, ಭುಜ ದಾಟಿ, ತೋಳಿನ ಭಾಗವನ್ನು ಒಂದು ದಾರಕ್ಕೆ ಏರಿಸಿ ಪಕ್ಕಕ್ಕಿಟ್ಟು ಮೈ ಮುಗಿಸಬೇಕು. ತೋಳು ಆಮೇಲೆ. ಇದರ ದೊಡ್ಡ ಸುಖವೆಂದರೆ ಹೆಣೆಯುತ್ತಿರುವಾಗಲೇ ಹಾಕಿಸಿ ನೋಡಬಹುದು. ಬಿಗಿಯೆನಿಸಿದರೆ ಅಲ್ಲಲ್ಲೇ ಹಿಗ್ಗಿಸಬಹುದು. ಉದ್ದ ಸಾಲದಿದ್ದರೆ ಇನ್ನಷ್ಟು ಸುತ್ತು.

ಸುತ್ತಿ ಹೆಣೆಯಲು ಎರಡು ಕಡ್ಡಿಗಳ ನಡುವೆ ದಾರವಿರುವ ಸೂಜಿ ಬೇಕು. ನನ್ನ ಬಳಿ ಇದ್ದದ್ದು ಉಕ್ಕಿನದು, ಬೆವರುವ ಕೈಯಲ್ಲಿ ಜಾರುತ್ತಿತ್ತು. ಚನ್ನಪಟ್ಟಣದಲ್ಲಿ ನಾನು ಕೆಲಸ ಮಾಡುವ ಕಾಲೇಜಿನ ಹಿಂದಿನ ಬೀದಿಯಲ್ಲಿ ಗೊಂಬೆ ಕಡೆಯುವವರೊಬ್ಬರಿದ್ದಾರೆ. ಅವರು ಹಾಲೆ ಮರದಲ್ಲಿ ಎರಡು ಕಡ್ಡಿ ಕಡೆದು, ಅರಗಿನ ಹಸಿರು ಬಣ್ಣ ಕೊಟ್ಟು, ಹಿಂದೆ ತೂತು ಕೊರೆದು ಕೊಟ್ಟರು. ಕಳೆ ಕೊಚ್ಚುವ ಮೆಷಿನ್ನಿನ ನೈಲಾನ್ ದಾರವನ್ನು ಮಾವನವರು ಅಳತೆಗೆ ಕತ್ತರಿಸಿ ಆ ತೂತುಗಳಿಗೆ ಅಂಟಿಸಿದರು. ಇಷ್ಟು ಚೆಂದದ ಸೂಜಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಈಗಲೂ ಅದರಲ್ಲೇ ಹೆಣೆಯುತ್ತೇನೆ.

ಉಲ್ಲನ್ ಆರಿಸಿದ್ದು ಎರಡು ಬೆಳೆಗಳ ನಡುವೆ, ಹುಳದ ಮನೆ ಖಾಲಿ ಇದ್ದಾಗ. ಬೆಂಗಳೂರಿನ ಪೇಟೆಯಲ್ಲಿ ಹಳೆಯದೊಂದು ಉಲ್ಲನ್ ಅಂಗಡಿಯಿದೆ. ಅಲ್ಲಿಂದ ಮೂರು ಥರದ ಎಳೆಗಳನ್ನು ಮಾದರಿಗೆಂದು ಕತ್ತರಿಸಿಕೊಂಡು ಬಂದಿದ್ದೆ. ಅತ್ತೆ ಮೊದಲು ಮಾಡಿದ ಕೆಲಸವೆಂದರೆ ಮೂರನ್ನೂ ಒಲೆಯ ಹತ್ತಿರ ಒಯ್ದು ಸುಟ್ಟು ನೋಡಿದ್ದು. ರೇಷ್ಮೆಯವರ ಅಭ್ಯಾಸ. ಯಾವ ದಾರ ಕೊಟ್ಟರೂ ತುದಿ ಸುಟ್ಟು ಮೂಸುತ್ತಾರೆ. ಮೊದಲನೆಯದು ಕರಗಿ ಗಂಟಾಯಿತು. "ಇದು ಪ್ಲಾಸ್ಟಿಕ್ಕು, ಒಲೆ ಮುಂದೆ ಕುಂತ್ರೆ ಮೈಗೆ ಮೆತ್ಕತದೆ" ಎಂದರು. ಎರಡನೆಯದರಿಂದ ಕೂದಲು ಸುಟ್ಟ ವಾಸನೆ ಬಂತು. ಕುರಿಯದೇ ಎಂದು ಒಪ್ಪಿ, ಕೆನ್ನೆಗೆ ಉಜ್ಜಿಕೊಂಡು, ಕಂಬಳಿಯ ಹಾಗೆ ಚುಚ್ಚುತ್ತದೆಂದು ಬದಿಗಿಟ್ಟರು. ಮೂರನೆಯದೂ ಕುರಿಯದೇ, ಆದರೆ ಮೆತ್ತಗಿತ್ತು, ತೀರ ದಪ್ಪವೂ ಇರಲಿಲ್ಲ. ದೊಗಳೆ ಸ್ವೆಟರಿಗೆ ದಪ್ಪ ಎಳೆ ಹಾಕಿದರೆ ಹೊರುವುದಕ್ಕೇ ಒಬ್ಬರು ಬೇಕಾಗುತ್ತಾರೆ. ಅದನ್ನು ಅತ್ತೆ ಕೆನ್ನೆಗೆ ಒತ್ತಿಕೊಂಡೇ ಕೂತರು. ಬಣ್ಣ ಯಾವುದಿರಲಿ ಎಂದು ಕೇಳಿದೆ. "ಬಿಳೀದು ಬ್ಯಾಡ, ಅಲ್ಲೋಗೂ ಉಳ ನೋಡ್ದಂಗಾಯ್ತದೆ. ಮಾವಿನ ಚಿಗುರು ಇರ್ತದಲ್ಲ, ಆ ಬಣ್ಣ ತತ್ತಾ" ಎಂದರು.

ಆ ಕೆಂಗಂದು ಬಣ್ಣದಲ್ಲಿ ಒಂದೇ ಸಲ ಅದ್ದಿದ ಅಷ್ಟೂ ಉಂಡೆಗಳು ಅಂಗಡಿಯಲ್ಲಿರಲಿಲ್ಲ. ಬೇರೆ ಬೇರೆ ಸಲ ಅದ್ದಿದ್ದನ್ನು ಸೇರಿಸಿದರೆ ಹೊಟ್ಟೆಯ ಹತ್ತಿರ ಪಟ್ಟೆ ಕಾಣುತ್ತದೆ. ತರಿಸಿಕೊಡುತ್ತೇನೆ ಎಂದ ಅಂಗಡಿಯವರು ತರಿಸುವ ಹೊತ್ತಿಗೆ ನಮ್ಮ ಮನೆಗೆ ಹೊಸ ಹುಳ ಬಂದು, ಮೂರನೇ ಜ್ವರ ಮುಗಿಸಿ ಎದ್ದಿದ್ದವು. ಹುಳ ಪೊರೆ ಬಿಡಲು ಮೇವು ಬಿಟ್ಟು ಕೂರುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾನು ಖುಷಿಯಾಗಿ ಚೀಲ ಹೊತ್ತುಕೊಂಡು ಸಂಜೆಯ ಬಸ್ಸಿಳಿದೆ. ಅತ್ತೆ ಬಾಗಿಲಲ್ಲೇ ಇದ್ದರು.

"ಅಲ್ಲೇ ನಿಂತ್ಕೊ. ಏನದು ವಾಸ್ನೆ?"

"ಉಲ್ಲನ್ ಅತ್ತೆ."

"ಉಲ್ಲನ್ ಅಲ್ಲ ಕಣವ್ವ, ನುಸಿಗುಳಿಗೆ ಮಡಗವ್ರೆ. ಒಸ್ಲು ದಾಟ್ಬೇಡ."

ಚೀಲದ ತಳದಲ್ಲಿ ಹುಡುಕಿದರೆ ನಿಜ. ನುಸಿ ಹಿಡಿಯದಿರಲಿ ಎಂದು ಅಂಗಡಿಯವರು ಪ್ರೀತಿಯಿಂದ ಒಂದು ಪೊಟ್ಟಣ ಹಾಕಿದ್ದರು. ವಾಸನೆ ಆಗಲೇ ಉಂಡೆಗಳಿಗೆಲ್ಲ ಹಿಡಿದುಬಿಟ್ಟಿತ್ತು. ಉಲ್ಲನ್ನಿಗೆ ನುಸಿ ಬರದಂತೆ ಮಾಡುವುದು ರೇಷ್ಮೆ ಹುಳವನ್ನೂ ಉಳಿಸುವುದಿಲ್ಲ. ಹುಳದ ಮನೆಗೆ ಊದುಬತ್ತಿಯ ಹೊಗೆ ಸೇರಿಸರು, ಘಮ್ಮೆನ್ನುವ ಎಣ್ಣೆ ಹಚ್ಚಿಕೊಂಡವರನ್ನು ಒಳಗೆ ಬಿಡರು. ಮದುವೆಯಾದ ಹೊಸದರಲ್ಲಿ ನನ್ನ ಸೆಂಟಿನ ಬಾಟಲಿ ತಿಪ್ಪೆ ಸೇರಿದ್ದು ಇದೇ ಕಾರಣಕ್ಕೆ. ನಾನು ಬೀದಿಯಲ್ಲಿ ನಿಂತೇ ಇದ್ದೆ. ಮಾವನವರು ಬಂದು ಚೀಲವನ್ನು ಕೋಲಿನ ತುದಿಗೆ ಸಿಕ್ಕಿಸಿಕೊಂಡರು. ತೋಟದಲ್ಲಿಡೋಣ ಎಂದರೆ ಅಲ್ಲಿ ಸೊಪ್ಪಿದೆ. ಪಕ್ಕದ ಮನೆಯಲ್ಲೂ ಹುಳ, ಎದುರು ಮನೆಯಲ್ಲೂ ಹುಳ. ಯಾರೂ ಹತ್ತಿರ ಸೇರಿಸಲಿಲ್ಲ. ಊರಿನ ಆ ಬೀದಿಯಲ್ಲಿ ಹುಳವಿಲ್ಲದ್ದು ಒಂದೇ ಮನೆ. ಆ ಮನೆಯ ಹೆಸರು ಯಾರೂ ಎತ್ತಲಿಲ್ಲ. ಕೊನೆಗೆ ಮಾವ ಆ ಕಡೆಗೇ ಹೊರಟರು. ಅತ್ತೆ ಮುಖ ತಿರುಗಿಸಿಕೊಂಡು ಒಳಗೆ ಹೋದರು.

ಅದು ಚಿಕ್ಕತ್ತೆ ಜಯಮ್ಮನವರ ಮನೆ. ಮಾವನವರ ತಮ್ಮನ ಹೆಂಡತಿ, ಅತ್ತೆಗೆ ಓರಗಿತ್ತಿ. ಹಿಂದೆ ಇಬ್ಬರೂ ಒಂದೇ ಹುಳದ ಮನೆಯಲ್ಲಿ ಒಟ್ಟಿಗೆ ಬೆಳೆ ತೆಗೆಯುತ್ತಿದ್ದವರು. ಒಂದು ಸಲ ಗೂಡು ಕಟ್ಟುವ ಮುಂಚೆ ಹುಳವೆಲ್ಲ ಕೊಳೆತು ಹೋದಾಗ, ಅತ್ತೆ ನಾಲ್ಕು ಜನರ ಎದುರಿಗೆ "ನಿನ್ ಕೈಲಿ ಉಳ ಉಳಿಯಾಕಿಲ್ಲ" ಎಂದುಬಿಟ್ಟಿದ್ದರಂತೆ. ನಮ್ಮ ಕಡೆಯ ಹೆಂಗಸಿಗೆ ಅದಕ್ಕಿಂತ ದೊಡ್ಡ ಮಾತಿಲ್ಲ. ಚಿಕ್ಕತ್ತೆ ತಮ್ಮ ಪಾಲಿನ ಹಿಪ್ಪುನೇರಳೆ ಗಿಡಗಳನ್ನು ಕೀಳಿಸಿ, ಹಸು ಕಟ್ಟಿ, ಡೈರಿಗೆ ಹಾಲು ಹಾಕತೊಡಗಿದರು. ಆವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಇದೆಲ್ಲ ನಾನು ಸೊಸೆಯಾಗಿ ಬರುವ ಮುಂಚಿನದು.

"ನಿಮ್ಮತ್ತೆ ಕಳ್ಸುದ್ಲಾ?" ಎಂದು ಚಿಕ್ಕತ್ತೆ ಕೇಳಿದರು.

"ಇಲ್ಲ ಚಿಕ್ಕತ್ತೆ, ನುಸಿಗುಳಿಗೆ ಕಳಿಸ್ತು" ಎಂದೆ.

ಅವರು ನಗಬಾರದೆಂದು ಬಹಳ ಪ್ರಯತ್ನಪಟ್ಟರು, ಆಗಲಿಲ್ಲ. ಚೀಲವನ್ನು ಜಗುಲಿಯ ಮೂಲೆಯಲ್ಲಿಡಲು ಜಾಗ ಕೊಟ್ಟರು. ಅಲ್ಲಿಂದ ನನ್ನ ಸಂಜೆಗಳೆಲ್ಲ ಆ ಜಗುಲಿಯ ಮೇಲೆಯೇ. ಬಸ್ಸಿಳಿದು ನೇರ ಅಲ್ಲಿಗೆ ಹೋಗಿ, ಕತ್ತಲಾಗುವವರೆಗೆ ಹೆಣೆದು, ಅವರ ಬಚ್ಚಲಲ್ಲೇ ಸ್ನಾನ ಮಾಡಿ ಬಟ್ಟೆ ಬದಲಿಸಿ ನಮ್ಮ ಮನೆಗೆ ಬರುತ್ತಿದ್ದೆ. ಹಸುವಿನ ಗಂಜಲದ ವಾಸನೆ, ಹಣ್ಣಾಗುತ್ತಿದ್ದ ಬಾದಾಮಿ ಮಾವಿನ ವಾಸನೆ, ನುಸಿಗುಳಿಗೆಯ ವಾಸನೆ ಎಲ್ಲ ಸೇರಿದ ಆ ಜಗುಲಿ ನನಗೆ ಬಹಳ ಹಿಡಿಸಿತು. ಚಿಕ್ಕತ್ತೆ ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ಮುಂದಿಡುತ್ತಿದ್ದರು. ಎರಡೂ ಕೈಯಲ್ಲಿ ಸೂಜಿ ಇರುತ್ತಿದ್ದುದರಿಂದ ಬಾಯಿಗೇ ಹಾಕುತ್ತಿದ್ದರು.

ಕತ್ತಿನ ಪಟ್ಟಿ ಮುಗಿದು ಭುಜದ ಭಾಗ ಅಗಲವಾದಾಗ ಹಾಕಿಸಿ ನೋಡಬೇಕಾಯಿತು. ಅತ್ತೆ ಇದನ್ನು ಮುಟ್ಟುವ ಹಾಗೂ ಇಲ್ಲ. ಆಗ ನನ್ನ ಕಣ್ಣಿಗೆ ಬಿದ್ದದ್ದು ಚಿಕ್ಕತ್ತೆ. ಅದೇ ಎತ್ತರ, ಅದೇ ಭುಜ. ಹಿಂದೆ ದರ್ಜಿ ಇಬ್ಬರಿಗೂ ಒಂದೇ ಅಳತೆಗೆ ರವಿಕೆ ಹೊಲಿಯುತ್ತಿದ್ದನಂತೆ. ಕೇಳಲೋ ಬೇಡವೋ ಎಂದುಕೊಂಡೇ ಕೇಳಿದೆ. ಅವರು ತಲೆ ತಗ್ಗಿಸಿ ನಿಂತರು, ಹಾಕು ಎನ್ನುವ ಹಾಗೆ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಉಣ್ಣೆ ಹೊದ್ದುಕೊಂಡು ಬೆವರು ಸುರಿಸುತ್ತ ಅಂಗಳದಲ್ಲಿ ಓಡಾಡಿದರು. ಆಮೇಲೆ ಮೊರದಲ್ಲಿ ಸೊಪ್ಪು ಇರುವಂತೆ ಕೈ ಮಾಡಿ, ಗಾಳಿಯಲ್ಲೇ ಹರಡುತ್ತ ನಿಂತರು.

"ಕಂಕುಳ್ತಾವ ಇನ್ನೊಸಿ ಬುಡು. ನಿಮ್ಮತ್ತೆ ಸೊಪ್ಪು ಆಕುವಾಗ ಬಲಗೈ ಇಂಗೆ ಮ್ಯಾಕೆತ್ತೋದು. ಎಡಗೈ ಸೊಂಟುದ್ ಮ್ಯಾಲೆ. ಯಾವತ್ತೂ ಅಂಗೇಯ."

ಎದುರಿಗೆ ಸಾಕ್ಷಾತ್ ಅತ್ತೆಯೇ ನಿಂತ ಹಾಗಿತ್ತು. ಅಷ್ಟು ವರ್ಷ ಮಾತಿಲ್ಲದೆಯೂ ಒಬ್ಬರ ಕೈಯ ಓಡಾಟ ಇನ್ನೊಬ್ಬರ ಮೈಯಲ್ಲಿ ಉಳಿದಿರುತ್ತದೆ ಎನ್ನುವುದು ನನಗೆ ಗೊತ್ತಿರಲಿಲ್ಲ. ಕಂಕುಳ ಹತ್ತಿರ ಇನ್ನಷ್ಟು ಕುಣಿಕೆ ಏರಿಸಿದೆ.

ಅತ್ತೆಗೆ ತೋರಿಸಲು ಫೋನಿನಲ್ಲಿ ಫೋಟೋ ತೆಗೆದುಕೊಂಡು ಹೋಗುತ್ತಿದ್ದೆ. ಚಿಕ್ಕತ್ತೆಯದು ಒಂದೇ ಷರತ್ತು, "ಮೊಕ ಬ್ಯಾಡ, ಕತ್ನಿಂದ ಕೆಳಿಕ್ ತೆಗಿ." ಅತ್ತೆ ಫೋಟೋ ನೋಡುತ್ತಿದ್ದರು. ಸ್ವೆಟರ್ ನೋಡುತ್ತಿದ್ದರೆಂದು ನಾನು ತಿಳಿದಿದ್ದೆ. ಒಂದು ದಿನ ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿ, "ಬಳೆ ಸಡ್ಲಾಗವೆ. ಕೈ ಬಡವಾಗವೆ ಅವ್ಳ್ದು" ಎಂದು ಫೋನ್ ವಾಪಸು ಕೊಟ್ಟರು.

ಅತ್ತ ಚಿಕ್ಕತ್ತೆಗೂ ಹುಳದ ಸುದ್ದಿ ಬೇಕು. ಎಷ್ಟನೇ ಜ್ವರ, ಎಲ್ಲ ಒಟ್ಟಿಗೆ ಎದ್ದವಾ, ಸೊಪ್ಪು ಹೇಗೆ ತಿನ್ನುತ್ತಿವೆ ಎಂದು ದಿನವೂ ವಿಚಾರಣೆ. ನಾಲ್ಕನೇ ಜ್ವರ ಕಳೆದ ಮೇಲೆ ಸೆಕೆ ವಿಪರೀತವಾಗಿ ಹುಳ ಮಂಕಾದವು ಎಂದಾಗ, ಕಿಟಕಿಗೆ ಒದ್ದೆ ಗೋಣಿ ಕಟ್ಟಿ, ಬಿಸಿಲು ಹತ್ತುವ ಮುಂಚೆ ಕೊಯ್ದ ಸೊಪ್ಪನ್ನೇ ಹಾಕಲು ಹೇಳು ಎಂದರು. ನಾನು ಮನೆಗೆ ಬಂದು ಹಾಗೇ ಹೇಳಿದೆ.

"ಯಾರೇಳುದ್ರು?" ಎಂದರು ಅತ್ತೆ.

"ಕಾಲೇಜಲ್ಲಿ ಒಬ್ರು ಹೇಳ್ತಿದ್ರು."

"ಆ ಒಬ್ರು ಜಗಲಿ ಮ್ಯಾಲ್ ಕುಂತಿರೋ ಒಬ್ರೇಯ" ಎಂದರು. ಆದರೆ ಗೋಣಿಯನ್ನು ನೆನೆಸಿದರು. ಹುಳ ಚೇತರಿಸಿಕೊಂಡವು. ಹಣ್ಣಾಗಿ, ಚಂದ್ರಿಕೆಯೆಂಬ ಬಿದಿರಿನ ತಟ್ಟಿ ಹತ್ತಿ, ಗಟ್ಟಿ ಗೂಡು ಕಟ್ಟಿದವು. ರಾಮನಗರದ ಮಾರುಕಟ್ಟೆಯಿಂದ ಮಾವನವರು ನಗುತ್ತ ಬಂದರು. ಅಂದು ನಮ್ಮ ಮನೆಯಿಂದ ಒಂದು ಪಾತ್ರೆ ಹೋಳಿಗೆ ಜಗುಲಿಯ ಮನೆಗೆ ಹೋಯಿತು. ಒಯ್ದದ್ದು ನಾನು. ಕೊಟ್ಟವರು ಯಾರು ಎಂದು ಚಿಕ್ಕತ್ತೆ ಕೇಳಲಿಲ್ಲ, ಪಾತ್ರೆಯನ್ನು ಮಾತ್ರ ತುಪ್ಪ ತುಂಬಿಸಿ ವಾಪಸು ಕಳಿಸಿದರು.

ತೋಳುಗಳು ಮುಗಿಯುತ್ತ ಬಂದವು. ದೊಡ್ಡಮ್ಮ ಹೊರಡುವ ದಿನವೂ ಹತ್ತಿರ ಬಂತು. ಅಷ್ಟರಲ್ಲಿ ಮಾವನವರು ಎಂದಿನ ಅಭ್ಯಾಸದಂತೆ ಮುಂದಿನ ಬೆಳೆಗೆ ಹುಳ ಬೇಕೆಂದು ಹೇಳಿಬಂದಿದ್ದರು. ಸೊಪ್ಪು ಬೆಳೆದು ನಿಂತಿತ್ತು, ಬಿಟ್ಟರೆ ಬಲಿತು ಹಾಳಾಗುತ್ತದೆ. ಯಾತ್ರೆಯ ದಿನಗಳು ಸರಿಯಾಗಿ ಬೆಳೆಯ ನಡುವೆ ಬೀಳುತ್ತಿದ್ದವು. ಮಾವ ಸೊಪ್ಪು ಕೊಯ್ಯಬಲ್ಲರು, ಹೊರಬಲ್ಲರು. ಆದರೆ ಹುಳ ಜ್ವರಕ್ಕೆ ಕೂತಿದೆಯೋ, ಎದ್ದಿದೆಯೋ ಎಂದು ನೋಡಿ ಹೇಳುವ ಕಣ್ಣು ಅವರಿಗಿಲ್ಲ. ನನಗಂತೂ ಮೊದಲೇ ಇಲ್ಲ. ಅತ್ತೆ ಎರಡು ದಿನ ಹುಳದ ಮನೆಗೆ ಸುಣ್ಣ ಬಳಿದರು. ಮೂರನೇ ದಿನ, "ಅಕ್ಕಂಗೆ ಫೋನ್ ಮಾಡಿ, ಬರಾಕಿಲ್ಲ ಅಂತ ಏಳ್ಬುಡವ್ವ" ಎಂದರು. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಅದೇ ನನಗೆ ಹೆಚ್ಚು ಸಂಕಟವಾಯಿತು. ನಾಳೆ ಮಾಡುತ್ತೇನೆ, ನಾಳೆ ಮಾಡುತ್ತೇನೆ ಎಂದು ಫೋನ್ ಮಾಡುವುದನ್ನು ಮುಂದೂಡುತ್ತ ಹೋದೆ. ಸ್ವೆಟರ್ ಮಾತ್ರ ಮುಗಿಸಿದೆ. ಚಿಕ್ಕತ್ತೆ ಅದನ್ನು ಅಂಟುವಾಳದ ನೀರಿನಲ್ಲಿ ಅದ್ದಿ, ಹಿಂಡದೆ, ಮಂಚದ ಮೇಲೆ ಹರಡಿ ನೆರಳಲ್ಲಿ ಒಣಗಿಸಿದರು. ನುಸಿಗುಳಿಗೆಯ ವಾಸನೆ ಪೂರ್ತಿ ಹೋಗಿತ್ತು.

ಮನೆಗೆ ತರುತ್ತೇನೆ ಎಂದಾಗ ಅತ್ತೆ ಬೇಡವೆಂದರು. ಹುಳದ ಮನೆ ತೊಳೆದಾಗಿದೆ, ನಾಡಿದ್ದು ಹುಳ ಬರುತ್ತವೆ, ಯಾಕೆ ಬೇಕು, ನಾನೇ ಬಂದು ಒಂದು ಸಲ ಹಾಕಿಕೊಂಡು ನೋಡುತ್ತೇನೆ ಎಂದರು. "ಎಣ್ದೋಳ್ಗೆ ಬೇಜಾರಾಗ್ಬಾರ್ದಲ್ಲ" ಎಂದು ಕಾರಣವನ್ನೂ ಕೊಟ್ಟರು. ಮಾವ ಪೇಪರಿನಿಂದ ತಲೆಯೆತ್ತಿ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ.

ಅತ್ತೆ ಆ ಅಂಗಳಕ್ಕೆ ಕಾಲಿಟ್ಟಾಗ ಚಿಕ್ಕತ್ತೆ ಹಸುವಿಗೆ ಬೂಸಾ ಕಲಸುತ್ತಿದ್ದರು. ಕೈ ತೊಳೆದುಕೊಂಡು ಬಂದರು. ಇಬ್ಬರೂ ನನ್ನ ಮುಖವನ್ನೇ ನೋಡುತ್ತ ನಿಂತರು. "ಆಕುಸ್ಕೊಳ್ಳಾಕೇಳು" ಎಂದು ಚಿಕ್ಕತ್ತೆ ನನಗೆ ಹೇಳಿದರು. "ಆಕಾಕೇಳು" ಎಂದು ಅತ್ತೆ ನನಗೆ ಹೇಳಿದರು. ನಾನು ಸ್ವೆಟರನ್ನು ಚಿಕ್ಕತ್ತೆಯ ಕೈಗೇ ಕೊಟ್ಟುಬಿಟ್ಟೆ. ಅವರು ವಿಧಿಯಿಲ್ಲದೆ ಅತ್ತೆಯ ತಲೆಯ ಮೇಲೆ ಇಳಿಸಿದರು. ತೋಳು ತೂರಿದವು, ಮೈ ಇಳಿಯಿತು, ತಲೆ ಮಾತ್ರ ಹೊರಗೆ ಬರಲಿಲ್ಲ.

ತಪ್ಪು ನನ್ನದೇ. ಕತ್ತಿನ ಕುಣಿಕೆಗಳನ್ನು ಬಿಗಿಯಾಗಿ ಹಾಕಿದ್ದೆ. ಚಿಕ್ಕತ್ತೆಯ ತೆಳು ಕೂದಲಿನ ತಲೆಗೆ ಸಲೀಸಾಗಿ ಇಳಿದಿದ್ದು ಅತ್ತೆಯ ತೆಂಗಿನಕಾಯಿ ಗಾತ್ರದ ತುರುಬಿಗೆ ಸಿಕ್ಕಿಕೊಂಡಿತ್ತು. ಮಾವಿನ ಚಿಗುರಿನ ಬಣ್ಣದ ಮೈ, ಎರಡು ತೋಳು, ಮೇಲೆ ಮುಖವಿಲ್ಲದ ಒಂದು ಗಂಟು. ಎಳೆಯಲು ನಾನು ಮುಂದೆ ಹೋದೆ. ಆಗ ಉಣ್ಣೆಯ ಒಳಗಿನಿಂದ ದನಿ ಬಂತು.

"ಜಯೀ, ತುರುಬು ಬಿಚ್ಚೆ."

ಚಿಕ್ಕತ್ತೆ ಸಡಿಲ ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡರು. ಆಮೇಲೆ ಕೆಳಗಿನಿಂದ ಸ್ವೆಟರಿನ ಒಳಗೆ ಕೈ ತೂರಿಸಿದರು. ದೊಗಳೆಯಾಗಿದ್ದುದು ಒಳ್ಳೆಯದಾಯಿತು, ಮೊಣಕೈಯವರೆಗೂ ಹೋಯಿತು. ಹುಡುಕಿ ಹುಡುಕಿ ಪಿನ್ನುಗಳನ್ನು ಒಂದೊಂದಾಗಿ ತೆಗೆದರು. ಕೂದಲು ಬಿಚ್ಚಿ ಬೆನ್ನ ಮೇಲೆ ಇಳಿಯಿತು.

"ಈಗ ತಲೆ ತೂರ್ಸು" ಎಂದರು ಚಿಕ್ಕತ್ತೆ.

ತಲೆ ಬರಲಿಲ್ಲ. ಒಳಗಿನಿಂದ ಮತ್ತೆ ದನಿ ಬಂತು, ಈ ಸಲ ಮೆಲ್ಲಗೆ. "ನಾಡಿದ್ದು ಉಳ ಬತ್ತವೆ. ನಾನ್ ಬರೋಗಂಟ ನೀನ್ ನೋಡ್ಕತೀಯಾ?"

"ಮೊದ್ಲು ಈಚ್ಗೆ ಬಾ, ಆಮೇಲ್ ಏಳ್ತೀನಿ."

"ಇಲ್ಲ. ನೀನ್ ಏಳೋಗಂಟ ಬರಾಕಿಲ್ಲ."

"ಸೆಕೆಗೆ ಸತ್ತೋಗ್ತೀಯ."

"ಸಾಯ್ತೀನಿ ಬುಡು. ನೀನಲ್ದೆ ಇನ್ಯಾರ್ ಕೈಗೂ ನಾನು ಉಳ ಬುಡಾಕಿಲ್ಲ."

ಚಿಕ್ಕತ್ತೆ ಜಗುಲಿಯ ಕಂಬ ಹಿಡಿದುಕೊಂಡರು. ಸೆರಗಿನಿಂದ ಮೂಗು ಒರೆಸಿಕೊಂಡರು. ಆ ಮಾತು ಹೇಳಲು ಅತ್ತೆಗೆ ಮುಖ ಮುಚ್ಚಿರಬೇಕಾಗಿತ್ತು, ಅದನ್ನು ಕೇಳಲು ಇವರಿಗೂ ಆ ಮುಖ ಕಾಣದಿರಬೇಕಾಗಿತ್ತು ಎಂದು ನನಗೆ ಆ ಕ್ಷಣವೇ ಅರ್ಥವಾಯಿತು.

"ಆಯ್ತು ಕಣಕ್ಕ, ನೋಡ್ಕತೀನಿ. ಈಚ್ಗೆ ಬಾ" ಎಂದರು ಚಿಕ್ಕತ್ತೆ.

ಅತ್ತೆಯ ತಲೆ ಹೊರಗೆ ಬಂತು. ಮುಖ ಕೆಂಪಾಗಿ, ಬೆವರಿನಲ್ಲಿ ತೊಯ್ದು, ಕೂದಲು ಕೆದರಿ, ಕುಂಕುಮ ಹಣೆಯ ತುಂಬ ಹರಡಿತ್ತು. ಅವರನ್ನು ಅಷ್ಟು ಚೆಂದವಾಗಿ ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಸ್ವೆಟರ್ ತೆಗೆಯದೆಯೇ ಜಗುಲಿಯ ಮೇಲೆ ಕೂತು ನನ್ನ ಕಡೆ ತಿರುಗಿ, "ಅಕ್ಕಂಗೆ ಫೋನ್ ಮಾಡವ್ವ, ಬತ್ತಾವ್ಳೆ ಅನ್ನು" ಎಂದರು.

ಫೋನ್ ಹಚ್ಚಿದೆ. ಆ ಕಡೆ ದೊಡ್ಡಮ್ಮ ಎತ್ತುವುದರೊಳಗೆ ಚಿಕ್ಕತ್ತೆ ಅತ್ತೆಯ ಹಿಂದೆ ಕೂತು, ಬಾಯಲ್ಲಿ ಪಿನ್ನು ಕಚ್ಚಿಕೊಂಡು, ತುರುಬು ಕಟ್ಟತೊಡಗಿದ್ದರು. ಪಿನ್ನುಗಳ ಸಂದಿಯಿಂದಲೇ ಕೇಳಿದರು, "ನಾಡಿದ್ದು ಉಳ ಎಷ್ಟೊತ್ಗೆ ಬತ್ತವೆ ಅಕ್ಕ?"